ಗುಣಮುಖರೇ ಆಸರೆಯಾದಾಗ

ಮುಂಬಯಿ: ಪರೇಲ್‌ನ ಟಾಟಾ ಮೆಮೋರಿಯಲ್ ಆಸ್ಪತ್ರೆ 1941ರಲ್ಲಿ ಆರಂಭವಾಯಿತು. ದೇಶದ ಮೂಲೆ ಮೂಲೆಗಳಿಂದ ಕ್ಯಾನ್ಸರ್ ಪೀಡಿತರು ಇಲ್ಲಿಗೆ ಬರುತ್ತಾರೆ. ಅವರಲ್ಲಿ ನಮ್ಮ ಊರಿನವರೂ ಇದ್ದಾರೆ. ಆದರೆ ಚಿಕಿತ್ಸೆ ಫಲಿಸಿ ಮನೆಗೆ ಮರಳಿದ ಮೇಲೂ ಮನಸ್ಸು ಹಳೆಯ ಬದುಕಿಗೆ ತಟ್ಟನೆ ಹೊಂದಿಕೊಳ್ಳುವುದಿಲ್ಲ. ಉಳಿದು ಬಂದ ಈ ಆಯುಷ್ಯ ಯಾವುದಕ್ಕೆ ಎಂಬ ಪ್ರಶ್ನೆ ಕಾಡುತ್ತದೆ.

ಈ ಪ್ರಶ್ನೆಗೆ ಮುಂಬಯಿಯ ವಂದನಾ ಗುಪ್ತಾ ಸೇವೆಯಲ್ಲಿ ಉತ್ತರ ಕಂಡುಕೊಂಡರು. ಸ್ವತಃ ಕ್ಯಾನ್ಸರನ್ನು ಎದುರಿಸಿ ಗೆದ್ದ ಅವರು 1994ರಲ್ಲಿ 'ವಿ ಕೇರ್ ಫೌಂಡೇಶನ್' ಸ್ಥಾಪಿಸಿದರು. ರೋಗಿಗಳಿಗೂ ಮನೆಯವರಿಗೂ ಧೈರ್ಯ, ಮಾಹಿತಿ ನೀಡುವ ಈ ಸಂಸ್ಥೆಯ ಕೆಲಸದಲ್ಲಿ ಕ್ಯಾನ್ಸರ್‌ನಿಂದ ಗುಣಮುಖರಾದವರೂ ಸ್ವಯಂಸೇವಕರಾಗಿ ಕೈಜೋಡಿಸಿದರು.

ಕಿಮೊಥೆರಪಿಯಿಂದ ಉದುರಿದ ಕೂದಲು ಸಾಮಾನ್ಯವಾಗಿ ಮತ್ತೆ ಬೆಳೆಯುತ್ತದೆ. ಆ ಮಾತನ್ನು ವೈದ್ಯರು ಹೇಳುವುದು ಬೇರೆ. ಅದನ್ನೆಲ್ಲ ಅನುಭವಿಸಿ, ಈಗ ತಲೆ ಬಾಚಿಕೊಂಡು ಎದುರಿಗೆ ಕುಳಿತವರು ಹೇಳುವುದೇ ಬೇರೆ. ಔಷಧ ಕೊಡುವುದು ವೈದ್ಯರ ಕೆಲಸ. ಭಯ ಕಳೆಯಲು ಇಂಥವರು ಬೇಕು. ತಾವು ಪಟ್ಟ ಪಾಡು ಇನ್ನೊಬ್ಬರಿಗೆ ಉಪಯೋಗಕ್ಕೆ ಬಂದಾಗ ಅವರ ಬದುಕಿಗೂ ಅರ್ಥ ಬರುತ್ತದೆ.

ಊರಿನಿಂದ ಬಂದ ರೋಗಿಗೆ ಹಿಂದಿ, ಮರಾಠಿ ಬಾರದಿದ್ದರೆ ಭಯ ಇಮ್ಮಡಿ. ಮಹಾನಗರದ ನಮ್ಮ ಸಂಘ-ಸಂಸ್ಥೆಗಳು ರಕ್ತದಾನ, ವೈದ್ಯಕೀಯ ಶಿಬಿರಗಳನ್ನು ನಡೆಸುತ್ತ ಬಂದಿರುವುದು ಶ್ಲಾಘನೀಯ. ಜತೆಗೆ, ಕಾಯಿಲೆ ಗೆದ್ದ ಸದಸ್ಯರಲ್ಲಿ ಇಚ್ಛೆಯುಳ್ಳವರ ಪಟ್ಟಿಯೊಂದನ್ನು ಇಟ್ಟುಕೊಳ್ಳಬಾರದೇಕೆ? ಹೇಳಿಕೊಳ್ಳಲು ಮನಸ್ಸಿಲ್ಲದವರನ್ನು ಒತ್ತಾಯಿಸುವುದು ಬೇಡ. ಹೆಸರು ಬಹಿರಂಗವಾಗುವುದು ಬೇಡ ಎನ್ನುವವರು ದೂರವಾಣಿಯಲ್ಲೇ ಮಾತನಾಡಬಹುದು. ಕನ್ನಡದಲ್ಲೋ ತುಳುವಿನಲ್ಲೋ 'ನಾನೂ ಇದೇ ದಾರಿಯಲ್ಲಿ ಬಂದವನು' ಎಂಬ ಒಂದು ಮಾತು ಆ ಹೊತ್ತಿನಲ್ಲಿ ದೊಡ್ಡ ಆಸರೆ.