ಸ್ಟೆಂಟ್ ಹಾಕಿಸಿದ ಬಳಿಕ ಧಮನಿಯೊಳಗೆ ನಡೆಯುವುದೇನು?

ಕಾರವಾರದ ಕೋಡಿಬಾಗದಲ್ಲಿ ವಾಸಿಸುವವರಿಗೆ ಹೃದಯದ ಬೇನೆಯೆಂದರೆ ರೋಗದ ಚಿಂತೆಯೊಡನೆ ದಾರಿಯ ಚಿಂತೆಯೂ ಹೌದು. ಆಂಜಿಯೋಪ್ಲಾಸ್ಟಿಗೆಂದು ಕೆಲವರು ಕಾಳಿ ಸೇತುವೆ ದಾಟಿ ಗೋವೆಗೆ ಹೋಗುತ್ತಾರೆ. ಕೆಲವರು ಅರಬೈಲು ಘಟ್ಟವೇರಿ ಹುಬ್ಬಳ್ಳಿಗೆ. ಉಳಿದವರು ಮಣಿಪಾಲ, ಮಂಗಳೂರಿಗೆ. 2024ರ ಆಗಸ್ಟ್ 7ರ ನಡುರಾತ್ರಿ ಕೋಡಿಬಾಗ ಮತ್ತು ಸದಾಶಿವಗಡದ ನಡುವಣ ಹಳೆಯ ಸೇತುವೆ ಕುಸಿದಾಗ, ಪಕ್ಕದಲ್ಲಿ ಹೊಸ ಸೇತುವೆ ಇಲ್ಲದಿದ್ದರೆ ಗೋವೆಯ ದಾರಿಯೇ ಕಡಿದುಹೋಗುತ್ತಿತ್ತು. ಇಷ್ಟು ದೂರ ಹೋಗಿ, ಸಾಲಸೋಲ ಮಾಡಿ ಚಿಕಿತ್ಸೆ ಪಡೆದು ಬಂದ ಮನೆಯವರು ‘ಸ್ಟೆಂಟ್ ಆಯಿತು, ರೋಗ ಹೋಯಿತು’ ಎಂದು ನೆಮ್ಮದಿಯ ಉಸಿರು ಬಿಡುವುದು ಸಹಜ. ಅಪಾಯವಿರುವುದು ಆ ನೆಮ್ಮದಿಯಲ್ಲಿಯೇ.

ಸ್ಟೆಂಟೆಂಬುದು ಲೋಹದ ಸಣ್ಣ ಜಾಲರಿಯ ಕೊಳವೆ. ಹೃದಯಕ್ಕೆ ರಕ್ತವೀಯುವ ಧಮನಿ ಕೊಬ್ಬಿನಿಂದ ಇಕ್ಕಟ್ಟಾದ ಎಡೆಯಲ್ಲಿ ಬಲೂನನ್ನು ಉಬ್ಬಿಸಿ, ಧಮನಿಯ ಗೋಡೆಗೆ ಇದನ್ನು ಒತ್ತಿ ನಿಲ್ಲಿಸುತ್ತಾರೆ. ಹೀಗೆ ಒತ್ತುವಾಗ ಗೋಡೆಗೆ ಗಾಯವಾಗದೆ ಇರದು. ಗಾಯವಾದೆಡೆ ಹೊಸ ಅಂಗಾಂಶ ಬೆಳೆಯುವುದು ಶರೀರದ ಧರ್ಮ. ಜಾಲರಿಯ ಮೇಲೆ ತೆಳುವಾದ ಪೊರೆ ಬೆಳೆದರೆ ಒಳ್ಳೆಯದು. ರಕ್ತವು ಲೋಹವನ್ನು ಮುಟ್ಟಿ ಹೆಪ್ಪುಗಟ್ಟುವುದು ತಪ್ಪುತ್ತದೆ. ಆದರೆ ಕೆಲವರಲ್ಲಿ ಆ ಬೆಳವಣಿಗೆ ಮಿತಿಮೀರಿ, ತೆರೆದ ದಾರಿಯನ್ನು ತಿಂಗಳುಗಳಲ್ಲಿ ಮತ್ತೆ ಕಿರಿದುಗೊಳಿಸುತ್ತದೆ. ಸಕ್ಕರೆ ಕಾಯಿಲೆಯುಳ್ಳವರಲ್ಲಿ, ಸಣ್ಣ ಧಮನಿಗಳಲ್ಲಿ, ಉದ್ದನೆಯ ಸ್ಟೆಂಟುಗಳಲ್ಲಿ ಇದು ಹೆಚ್ಚು.

1977ರಲ್ಲಿ ಜ್ಯೂರಿಕ್‌ನಲ್ಲಿ ಆಂಡ್ರಿಯಾಸ್ ಗ್ರುಂಟ್‌ಜಿಗ್ ಎಂಬ ವೈದ್ಯರು ಬಲೂನಿನಿಂದ ಮೊದಲ ಬಾರಿಗೆ ಹೃದಯದ ಧಮನಿಯನ್ನು ತೆರೆದರು. 1986ರಲ್ಲಿ ಸ್ಟೆಂಟು ಬಂತು. ಬರಿಯ ಬಲೂನಿನ ಕಾಲದಲ್ಲಿ ಮೂವರಲ್ಲೊಬ್ಬರಿಗಾದರೂ ದಾರಿ ಮತ್ತೆ ಮುಚ್ಚುತ್ತಿತ್ತು. ಲೋಹದ ಸ್ಟೆಂಟಿನಲ್ಲಿ ಐವರಲ್ಲೊಬ್ಬರಿಗೆ ಅಥವಾ ಇನ್ನೂ ಹೆಚ್ಚಿನವರಿಗೆ. ಅಂಗಾಂಶದ ಬೆಳವಣಿಗೆಯನ್ನು ತಡೆಯುವ ಔಷಧವನ್ನು ಸ್ಟೆಂಟಿಗೇ ಲೇಪಿಸಿದ ಮೇಲೆ ಈ ಪ್ರಮಾಣ ಬಹುವಾಗಿ ಇಳಿಯಿತು. ಆ ಔಷಧಗಳಲ್ಲಿ ಮೊದಲನೆಯದಾದ ಸಿರೋಲಿಮಸ್ ದೊರೆತುದು ಪೆಸಿಫಿಕ್ ಸಾಗರದ ಈಸ್ಟರ್ ದ್ವೀಪದ ಮಣ್ಣಿನಲ್ಲಿದ್ದ ಸೂಕ್ಷ್ಮಜೀವಿಯಿಂದ. ಅದನ್ನು ಬೆಳಕಿಗೆ ತಂದವರಲ್ಲಿ ಪ್ರಮುಖರು ಭಾರತೀಯ ಮೂಲದ ಸುರೇಂದ್ರನಾಥ ಸೆಹಗಲ್. ಹಿಡಿಮಣ್ಣು ಎಲ್ಲಿಂದೆಲ್ಲಿಗೆ ಬಂದು ಉಪಕರಿಸಿತು ನೋಡಿ!

ಇಷ್ಟಾದರೂ ಮೂಲರೋಗ ಹಾಗೆಯೇ ಉಳಿದಿರುತ್ತದೆ. ಸ್ಟೆಂಟು ಕಾಯುವುದು ಒಂದೆರಡು ಅಂಗುಲದಷ್ಟು ದಾರಿಯನ್ನು ಮಾತ್ರ. ಕೊಬ್ಬು ಕೂರುವುದು ಧಮನಿಗಳ ಉದ್ದಕ್ಕೂ. 2011ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಚಿಕಿತ್ಸೆ ಪಡೆದ 697 ರೋಗಿಗಳನ್ನು ಗಮನಿಸಲಾಯಿತು. ಮೂರು ವರ್ಷಗಳಲ್ಲಿ ಶೇ. 12.9ರಷ್ಟು ಜನರಿಗೆ ಚಿಕಿತ್ಸೆಯಾದ ಎಡೆಯಿಂದಲೇ ಮತ್ತೆ ತೊಂದರೆಯಾದರೆ, ಶೇ. 11.6ರಷ್ಟು ಜನರಿಗೆ ಯಾರೂ ಮುಟ್ಟದಿದ್ದ ಬೇರೆ ಎಡೆಗಳಿಂದ ಆಯಿತು. ಸಾಲದುದಕ್ಕೆ, ಕೆಲವು ವರ್ಷಗಳ ಬಳಿಕ ಸ್ಟೆಂಟಿನೊಳಗೆ ಬೆಳೆದ ಹೊಸ ಪೊರೆಯಲ್ಲಿಯೂ ಕೊಬ್ಬು ಸೇರಬಹುದು.

‘ನಾವು ಶಾಕಾಹಾರಿಗಳು, ನಮಗೇಕೆ ಈ ರೋಗ?’ ಎಂಬ ಮಾತು ನಮ್ಮ ಸಮಾಜದಲ್ಲಿ ಆಗಾಗ ಕೇಳಿಬರುತ್ತದೆ. ತುಪ್ಪ, ಸಕ್ಕರೆ, ಕರಿದ ತಿಂಡಿ, ಎಲೆಯಡಿಕೆಯೊಡನೆ ತಂಬಾಕು ಇವೆಲ್ಲವೂ ಶಾಕಾಹಾರವೇ ಅಲ್ಲವೆ? ಮಠದ ಪಂಕ್ತಿಯಲ್ಲಿ ಬೆಳೆದ ನನಗೆ ಹೋಳಿಗೆಯ ಮೇಲಿನ ತುಪ್ಪವನ್ನು ಬೇಡವೆನ್ನುವುದು ಎಷ್ಟು ಕಷ್ಟವೆಂಬುದು ಗೊತ್ತು. ಆದರೂ ಬಡಿಸುವವರು ಒತ್ತಾಯಿಸದಿರುವುದು ಲೇಸು.

ಮಾತ್ರೆಗಳ ವಿಚಾರದಲ್ಲಿ ಮನೆಯವರೆಲ್ಲರ ಎಚ್ಚರ ಬೇಕು. ಆಸ್ಪಿರಿನ್ನಿನೊಡನೆ ರಕ್ತ ಹೆಪ್ಪುಗಟ್ಟದಂತೆ ಕೊಡುವ ಎರಡನೆಯ ಮಾತ್ರೆಯನ್ನು ಸಾಮಾನ್ಯವಾಗಿ ಆರು ತಿಂಗಳಿಂದ ಒಂದು ವರ್ಷದವರೆಗೆ ನುಂಗಬೇಕು. ವೈದ್ಯರನ್ನು ಕೇಳದೆ ಬಿಟ್ಟರೆ ಸ್ಟೆಂಟಿನೊಳಗೆ ರಕ್ತ ಥಟ್ಟನೆ ಹೆಪ್ಪುಗಟ್ಟಿ ಪ್ರಾಣವೇ ಹೋಗಬಹುದು. ಹಲ್ಲು ಕೀಳಿಸುವಾಗಲೂ ಉಪವಾಸದ ದಿನಗಳಲ್ಲಿಯೂ ತಾವಾಗಿಯೇ ನಿಲ್ಲಿಸಬಾರದು. ಕೊಬ್ಬಿಳಿಸುವ ಮಾತ್ರೆ ಬಹುಪಾಲು ಜನರಿಗೆ ಜೀವನಪರ್ಯಂತ. ನಿತ್ಯದ ಲಿಂಗಪೂಜೆಗೆ ಹೊತ್ತು ಗೊತ್ತಿರುವ ಮನೆಗಳಲ್ಲಿ ಮಾತ್ರೆಗೂ ಹೊತ್ತು ಗೊತ್ತುಮಾಡುವುದು ಸುಲಭ. ಪೂಜೆ, ಪ್ರಸಾದದ ಬೆನ್ನಿಗೇ ಮಾತ್ರೆಯ ಡಬ್ಬಿಯೂ ಬರಲಿ.

ಸ್ಟೆಂಟಿನ ದಾರಿ ಮತ್ತೆ ಕಿರಿದಾಗತೊಡಗಿದರೆ ಮೊದಲಿನ ಲಕ್ಷಣಗಳೇ ಮರಳುತ್ತವೆ: ಏರು ಹತ್ತುವಾಗ ಎದೆ ಬಿಗಿಯುವುದು, ಬೇಗ ಏದುಸಿರು. ಇದನ್ನು ವಾಯುವೆಂದು ಜೀರಿಗೆ ಕಷಾಯ ಕುಡಿದು ಮಲಗಬಾರದು. ಕುಳಿತಲ್ಲೇ ನೋವು ಬಂದರೆ ದೂರದೂರಿಗೆ ವಾಹನ ಹುಡುಕುವ ಮೊದಲು ಕಾರವಾರದ ವೈದ್ಯಕೀಯ ಸಂಸ್ಥೆಯ ಆಸ್ಪತ್ರೆಯಲ್ಲಿ ಇ.ಸಿ.ಜಿ. ಮಾಡಿಸಬೇಕು. ಮುಚ್ಚಿದ ಸ್ಟೆಂಟಿಗೂ ಚಿಕಿತ್ಸೆಯಿದೆ: ಔಷಧ ಲೇಪಿಸಿದ ಬಲೂನು, ಇನ್ನೊಂದು ಸ್ಟೆಂಟು, ಕೆಲವೊಮ್ಮೆ ಬೈಪಾಸ್. ಯಾವ ಧಮನಿಯಲ್ಲಿ, ಯಾವ ದಿನ, ಎಷ್ಟು ಅಳತೆಯ ಸ್ಟೆಂಟು ಕೂರಿಸಿದರೆಂಬ ವಿವರ ಆಸ್ಪತ್ರೆಯವರು ಕೊಟ್ಟ ಚೀಟಿಯಲ್ಲಿರುತ್ತದೆ. ಅದರ ಒಂದು ಪ್ರತಿ ರೋಗಿಯ ಕಿಸೆಯಲ್ಲಿಯೂ ಇನ್ನೊಂದು ಮನೆಯಾಕೆಯ ಬಳಿಯೂ ಇರಲಿ. ಗೋವೆಯ ವೈದ್ಯರಾಗಲಿ ಹುಬ್ಬಳ್ಳಿಯ ವೈದ್ಯರಾಗಲಿ ಮೊದಲು ಕೇಳುವುದು ಅದನ್ನೇ.