ಕವಿಮಾತೆಯ ಊರು

ಧಾರವಾಡ ಜಿಲ್ಲೆಯ ಅಣ್ಣಿಗೇರಿಯು ದೊಡ್ಡ ಪಟ್ಟಣವೇನೂ ಅಲ್ಲ. ಹುಬ್ಬಳ್ಳಿಯಿಂದ ಗದಗಿಗೆ ಹೋಗುವ ರೈಲುದಾರಿಯಲ್ಲಿ, ಹತ್ತಿ ಜೋಳಗಳು ಬೆಳೆಯುವ ಎರೆಭೂಮಿಯ ನಡುವೆ ಇರುವ ಊರು ಅದು. ಪೂರ್ವದಲ್ಲಿ ಬೆಳ್ವೊಲ ಮುನ್ನೂರೆಂಬ ನಾಡಿಗೆ ಇದೇ ಮುಖ್ಯಸ್ಥಾನವಾಗಿತ್ತು. ಕಲ್ಯಾಣದ ಚಾಲುಕ್ಯರ ಕಾಲದ ಅಮೃತೇಶ್ವರ ದೇವಾಲಯವು ಆ ವೈಭವಕ್ಕೆ ಇಂದಿಗೂ ಸಾಕ್ಷಿಯಾಗಿ ನಿಂತಿದೆ. ಆದರೂ ಊರಿನ ಹಿರಿಮೆಯ ಮಾತು ಬಂದಾಗ ಇಲ್ಲಿಯವರು ಅಭಿಮಾನದಿಂದ ಎತ್ತುವ ಹೆಸರು ಆದಿಕವಿ ಪಂಪನದು. ಈ ಅಭಿಮಾನಕ್ಕೆ ಆಧಾರವೇನೆಂಬುದನ್ನು ವಾಚಕರು ತಿಳಿಯತಕ್ಕದ್ದು. ಅದರಲ್ಲಿ ಪ್ರತಿಯೊಂದು ಮನೆಗೂ ಸಲ್ಲುವ ಮಾತೊಂದುಂಟು.

ಪಂಪನು 902ರಲ್ಲಿ ಜನಿಸಿದವನು. ವೇಮುಲವಾಡದ ಚಾಲುಕ್ಯದೊರೆ ಅರಿಕೇಸರಿಯ ಆಶ್ರಯದಲ್ಲಿದ್ದು ಆದಿಪುರಾಣ, ವಿಕ್ರಮಾರ್ಜುನ ವಿಜಯಗಳನ್ನು ರಚಿಸಿದನು. ಕಾವ್ಯದಲ್ಲಿ ತಂದೆಯ ಕಡೆಯ ಹಿರಿಯರನ್ನು ಕ್ರಮವಾಗಿ ಸ್ಮರಿಸಿದ್ದಾನೆ, ಅವರು ವೆಂಗಿನಾಡಿನವರು. ತಾಯಿಯ ಹೆಸರನ್ನು ನಮಗೆ ಉಳಿಸಿಕೊಟ್ಟವನಾದರೋ ಅವನ ತಮ್ಮ ಜಿನವಲ್ಲಭ. ಈಗಿನ ತೆಲಂಗಾಣದ ಕರೀಂನಗರ ಜಿಲ್ಲೆಗೆ ಸೇರಿದ ಕುರಿಕ್ಯಾಲದಲ್ಲಿ ಬೊಮ್ಮಲಗುಟ್ಟವೆಂಬ ಬೆಟ್ಟವಿದೆ. ಅಲ್ಲಿಯ ಬಂಡೆಯಲ್ಲಿ ಈತನು ಜಿನಬಿಂಬಗಳನ್ನೂ ಚಕ್ರೇಶ್ವರಿಯ ಮೂರ್ತಿಯನ್ನೂ ಕೆತ್ತಿಸಿ, ಸಂಸ್ಕೃತ, ಕನ್ನಡ, ತೆಲುಗು ಈ ಮೂರು ಭಾಷೆಗಳಲ್ಲಿ ಶಾಸನವನ್ನು ಬರೆಯಿಸಿದನು. ತಂದೆ ಭೀಮಪ್ಪಯ್ಯ, ತಾಯಿ ಅಬ್ಬಣಬ್ಬೆ, ಬೆಳ್ವೊಲದ ಅಣ್ಣಿಗೇರಿಯ ಜೋಯಿಸ ಸಿಂಘನ ಮೊಮ್ಮಗಳು ಎಂದು ಅದರಲ್ಲಿ ಹೇಳಿದೆ.

ಕವಿಯು ಅಣ್ಣಿಗೇರಿಯಲ್ಲಿಯೇ ಹುಟ್ಟಿದನೆಂದು ಶಾಸನವು ಹೇಳುವುದಿಲ್ಲ. ವೆಂಗಿನಾಡು ಅವನ ಪಿತೃಭೂಮಿ. ವೇಮುಲವಾಡವು ಆಶ್ರಯವಿತ್ತ ಸ್ಥಳ. ಬನವಾಸಿಯೋ ಅವನು ಮನಸಾರೆ ಹಾಡಿ ಹೊಗಳಿದ ನಾಡು. ಇವರೆಲ್ಲರೂ ಅವನನ್ನು ತಮ್ಮವನೆಂದರೆ ತಪ್ಪೇನು? ಅಣ್ಣಿಗೇರಿಗೆ ಇರುವುದು ತಾಯಿಯ ಕಡೆಯ ಸಂಬಂಧ. ಅದು ಕಡಮೆಯದೆಂದು ಯಾರೂ ಎಣಿಸಬಾರದು. ತನ್ನ ಕಾವ್ಯದ ಭಾಷೆಯು ಪುಲಿಗೆರೆಯ ತಿರುಳ್ಗನ್ನಡವೆಂದು ಪಂಪನೇ ಹೇಳಿಕೊಂಡಿದ್ದಾನೆ. ಪುಲಿಗೆರೆಯೆಂದರೆ ಇಂದಿನ ಲಕ್ಷ್ಮೇಶ್ವರ. ಅಣ್ಣಿಗೇರಿಗೆ ನೆರೆಯ ಸೀಮೆ. ತಂದೆಯ ಮೂಲ ವೆಂಗಿಯಾದರೂ ಮಗನ ಕಾವ್ಯ ಅರಳಿದ್ದು ತಾಯಿಯ ಸೀಮೆಯ ನುಡಿಯಲ್ಲಿ. ಮಾತೃಭಾಷೆಯೆಂಬ ಪದಕ್ಕೆ ಇದಕ್ಕಿಂತ ಸಾರ್ಥಕವಾದ ಉದಾಹರಣೆ ಬೇಕೆ?

ನಮ್ಮ ಮನೆಗಳ ವಂಶಾವಳಿಯನ್ನು ತೆರೆದು ನೋಡೋಣ. ಮುತ್ತಜ್ಜನ ತಂದೆಯ ಹೆಸರು ಸಿಕ್ಕೀತು. ಮುತ್ತಜ್ಜಿ ಯಾವ ಊರಿನ ಮಗಳೆಂದು ಕೇಳಿದರೆ ಉತ್ತರ ಕೊಡಬಲ್ಲವರು ವಿರಳ. ಆದರೆ ತೊಟ್ಟಿಲ ಬಳಿ ಮಗುವಿನ ಕಿವಿಗೆ ಮೊದಲು ಬೀಳುವುದು ಆ ತಾಯಂದಿರ ನುಡಿಯೇ. ಜಿನವಲ್ಲಭನು ಆ ಎರಡು ಮಾತುಗಳನ್ನು ಕಲ್ಲಿಗೆ ಒಪ್ಪಿಸದೆ ಹೋಗಿದ್ದರೆ ಅಬ್ಬಣಬ್ಬೆ ಯಾರೆಂದು ಇಂದು ಯಾರು ಬಲ್ಲರು?

ಕವಿಯ ಹೆಸರಿನಲ್ಲಿ ಸಭೆ ಮೆರವಣಿಗೆಗಳು ನಡೆಯುವುದು ಸಂತೋಷದ ವಿಷಯ. ಮರುದಿನ ಚಪ್ಪರ ಬಿಚ್ಚಿದ ಮೇಲೆ ಉಳಿಯಬೇಕಾದದ್ದು ಮನೆಮನೆಯ ಓದು. ಹಳಗನ್ನಡ ಕಠಿಣವೆಂದು ಹಿಂಜರಿಯಬೇಕಾಗಿಲ್ಲ. ದೀಪ ಹಚ್ಚಿದ ಮೇಲೆ ದಿನಕ್ಕೊಂದು ಪದ್ಯವನ್ನು ಅರ್ಥಸಹಿತ ಓದಿದರೆ ಮಕ್ಕಳ ನಾಲಗೆ ತಾನಾಗಿ ತಿರುಗುವುದು. ಜೊತೆಗೆ ಅಜ್ಜಿಯರ ಹೆಸರನ್ನೂ ಅವರ ತವರನ್ನೂ ಕೇಳಿ ಬರೆದಿಡಲಿ. ಅದಕ್ಕೆ ಬೆಟ್ಟವೂ ಬೇಡ, ಬಂಡೆಯೂ ಬೇಡ. ಒಂದು ಹಾಳೆ ಸಾಕು.