ಫೋಲ್ಡರ್ ಇರುವಾಗ ಅಲ್‌ಫ್ರೆಸ್ಕೊ ಏಕೆ?

ಪ್ರಶ್ನೆ: ಕಚೇರಿಯ ಕಡತಗಳನ್ನು ಫೋಲ್ಡರ್‌ಗಳಲ್ಲಿ ಜೋಡಿಸಿಟ್ಟರೆ ಸಾಲದೇ? ಅಲ್‌ಫ್ರೆಸ್ಕೊದಂಥ, ಕಡತ ನಿರ್ವಹಣೆಯ ಮುಕ್ತ ತಂತ್ರಾಂಶ ಹೆಚ್ಚೇನು ಮಾಡುತ್ತದೆ?

ಉತ್ತರ: ನಾಲ್ಕೈದು ಮಂದಿಯ ಕಚೇರಿಗೆ ಫೋಲ್ಡರ್ ಧಾರಾಳ ಸಾಕು. ಒಂದೇ ಕಡತಕ್ಕೆ ಹಲವರು ಕೈ ಹಾಕತೊಡಗಿದಾಗ ತೊಡಕು ಶುರು. ‘ಫೈನಲ್’, ‘ಹೊಸ ಫೈನಲ್’ ಎಂಬ ಪ್ರತಿಗಳಲ್ಲಿ ಸರಿಯಾದುದು ಯಾವುದೆಂದು ಯಾರಿಗೂ ತಿಳಿಯದು.

ಜಾನ್ ನ್ಯೂಟನ್ ಮತ್ತು ಜಾನ್ ಪವೆಲ್ 2005ರಲ್ಲಿ ಆರಂಭಿಸಿದ ಅಲ್‌ಫ್ರೆಸ್ಕೊದಲ್ಲಿ ಒಂದು ಕರಾರುಪತ್ರವನ್ನು ತಿದ್ದಲು ತೆಗೆದುಕೊಂಡಿರಿ ಎನ್ನಿ. ಕೂಡಲೇ ಮೂಲಕ್ಕೆ ಬೀಗ ಬೀಳುತ್ತದೆ, ನಿಮಗೊಂದು ಕೆಲಸದ ಪ್ರತಿ ಸಿಗುತ್ತದೆ. ಉಳಿದವರು ಓದಬಹುದು, ತಿದ್ದಲಾರರು. ಮರಳಿಸುವಾಗ ಬದಲಾವಣೆ ಸಣ್ಣದೋ ದೊಡ್ಡದೋ ಎಂದು ಕೇಳುತ್ತದೆ: ಸಣ್ಣದಾದರೆ 1.0 ಇದ್ದದ್ದು 1.1 ಆಗುತ್ತದೆ, ದೊಡ್ಡದಾದರೆ 2.0. ಯಾರು, ಯಾವಾಗ ತಿದ್ದಿದರೆಂಬ ವಿವರದೊಡನೆ ಹಳೆಯ ಪ್ರತಿಗಳೂ ಉಳಿಯುತ್ತವೆ. ಬೇಕಾದರೆ ಹಿಂದಿನದಕ್ಕೆ ಮರಳಬಹುದು. ಈ ಒಂದು ಸೌಲಭ್ಯಕ್ಕಾಗಿಯೇ ಇದನ್ನು ಹಾಕಿಸಿಕೊಳ್ಳಬಹುದು ಎಂಬುದು ನನ್ನ ಅಭಿಪ್ರಾಯ.

ಅಲ್‌ಫ್ರೆಸ್ಕೊದೊಳಗಿನ ಫೋಲ್ಡರ್‌ಗೆ ನಿಯಮ ಕೊಟ್ಟರೆ, ಒಳಬಂದ ಬಿಲ್ಲನ್ನು ಅದು ತಾನಾಗಿ ಅನುಮೋದನೆಗೆ ಕಳಿಸುತ್ತದೆ. ಯಾರು ಏನನ್ನು ನೋಡಬಹುದೆಂಬ ಹಿಡಿತ ನಿಮ್ಮದೇ. ಹುಡುಕಾಟ ಕಡತದ ಹೆಸರಿಗೆ ನಿಲ್ಲದೆ ಒಳಗಿನ ಪಠ್ಯಕ್ಕೂ ಇಳಿಯುತ್ತದೆ. ಆದರೆ ಬರೀ ಸ್ಕ್ಯಾನ್ ಮಾಡಿದ ಪುಟವನ್ನು ಅದು ಓದಲಾರದು. ಅದಕ್ಕೆ ಅಕ್ಷರ ಗುರುತಿಸುವ ತಂತ್ರಾಂಶ ಬೇರೆಯೇ ಬೇಕು.

ಅಲ್‌ಫ್ರೆಸ್ಕೊದ ಸಮುದಾಯ (ಕಮ್ಯುನಿಟಿ) ಆವೃತ್ತಿಗೆ ಪರವಾನಗಿ ಶುಲ್ಕವಿಲ್ಲ. ಆದರೆ ಸರ್ವರ್ ಮತ್ತು ಅದನ್ನು ಬಲ್ಲ ಒಬ್ಬರು ಬೇಕೇ ಬೇಕು. ಕಡತಗಳು ಡಿಸ್ಕಿನಲ್ಲಿ, ಅವುಗಳ ವಿವರ ಡೇಟಾಬೇಸ್‌ನಲ್ಲಿ ಇರುತ್ತವೆ. ದಯವಿಟ್ಟು ಎರಡರ ಬ್ಯಾಕಪ್ಪನ್ನೂ ಒಟ್ಟಿಗೇ ತೆಗೆದಿಡಿ.